ಘಟ್ಟದ ಮೇಲಿನ ಟಪಾಲೂ ಹೆಸರುಗಳ ದಫ್ತರವೂ

ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಊರೆಂದರೆ ಬಯಲುಸೀಮೆಯಲ್ಲಿರುವಂತೆ ಗೋಡೆಗೆ ಗೋಡೆ ತಾಗಿ ನಿಂತ ಮನೆಗಳ ಓಣಿಯಲ್ಲ; ಬೆಟ್ಟದ ಬುಡಕ್ಕೊಂದು, ಹಳ್ಳದ ಆಚೆಗೊಂದು, ಅಡಿಕೆ ತೋಟದ ತಲೆಗೊಂದು ಎಂಬಂತೆ ಚದುರಿಹೋಗಿ, ಒಂದರ ಜಗಲಿಯಲ್ಲಿ ನಿಂತವರಿಗೆ ಇನ್ನೊಂದರ ಅಡಿಗೆಮನೆಯ ಹೊಗೆ ಮಾತ್ರ ಕಾಣುವಷ್ಟು ದೂರದಲ್ಲಿ ನೆಲಸಿದ ಮನೆಗಳ ಸಮೂಹಕ್ಕೇ ಇಲ್ಲಿ ಊರೆಂಬ ಹೆಸರು. ಆ ಮನೆಗಳಿಗಾದರೋ ಕೆಳಗಿನಮನೆ, ಮೇಲಿನಮನೆ, ನಡುಮನೆ, ಹೊಸಮನೆ ಎಂಬ ನಾಲ್ಕಾರು ಹೆಸರುಗಳೇ ಊರೂರಿನಲ್ಲಿಯೂ ಮರುಕಳಿಸುತ್ತವೆ. ಗಣಪತಿ, ಸುಬ್ರಾಯ, ಮಂಜುನಾಥ, ನಾರಾಯಣ ಎಂಬ ದೇವರ ಹೆಸರುಗಳು ಅಜ್ಜನಿಂದ ಮೊಮ್ಮಗನಿಗೆ ಇಳಿದುಬರುತ್ತವೆ. ಹೆಗಡೆ, ಭಟ್ಟ, ನಾಯ್ಕ, ಗೌಡ ಎಂಬ ಅಡ್ಡಹೆಸರುಗಳೂ ಕೆಲವೇ ಕೆಲವು. ಇಂಥ ನಾಡಿನಲ್ಲಿ ಬರಿಯ ಹೆಸರನ್ನು ನೆಚ್ಚಿ ಒಂದು ಕಾಗದವನ್ನು ಸರಿಯಾದ ಮನುಷ್ಯನ ಕೈಗೆ ಮುಟ್ಟಿಸುವುದು ಆಗುವ ಕೆಲಸವಲ್ಲ. ಆದುದರಿಂದಲೇ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮನೆ, ಮು.ಪೋ. ಎಂಬ ಅಕ್ಷರಗಳ ಮುಂದೆ ಊರು, ಅದರಾಚೆ ತಾಲೂಕು, ಕೊನೆಗೆ ಕಂಸದೊಳಗೆ ಉತ್ತರ ಕನ್ನಡವೆಂಬ ಅರ್ಥದ ಉ.ಕ. ಎಂದು ಮೆಟ್ಟಿಲು ಮೆಟ್ಟಿಲಾಗಿ ವಿಳಾಸ ಬರೆಯುವ ಪದ್ಧತಿ ಇಲ್ಲಿ ಬೇರೂರಿತು. ಕಂಸದೊಳಗಿನ ಆ ಎರಡಕ್ಷರ ಅಲಂಕಾರಕ್ಕೆ ಬಂದುದಲ್ಲ. ಸಿದ್ದಾಪುರವೆಂಬ ಊರು ಕೊಡಗಿನಲ್ಲುಂಟು, ಕುಂದಾಪುರದ ಸೀಮೆಯಲ್ಲುಂಟು, ಗಂಗಾವತಿಯ ಕಡೆಗೂ ಉಂಟು, ಉ.ಕ. ಎಂದು ಬರೆಯದೆ ಬಿಟ್ಟ ಲಕೋಟೆಗೆ ಇಡೀ ಕರ್ನಾಟಕವನ್ನು ಪ್ರದಕ್ಷಿಣೆ ಮಾಡುವ ಯೋಗ ಬಂದೊದಗಬಹುದು.

ಕಾಗದವೊಂದು ಸೇರಬೇಕಾದಲ್ಲಿಗೆ ಸೇರಬೇಕಾದರೆ ಎರಡು ವಸ್ತುಗಳು ನೆಟ್ಟಗಿರಬೇಕು: ಒಂದು, ಅದು ನಡೆದುಬರುವ ದಾರಿ; ಎರಡನೆಯದು, ಯಾರು ಎಲ್ಲಿರುವರು, ಯಾರ ಪರವಾಗಿ ಯಾರು ಕಾಗದ ತೆಗೆದುಕೊಳ್ಳುವರು ಎಂಬುದನ್ನು ಬರೆದಿಟ್ಟುಕೊಂಡ ಹೆಸರುಗಳ ದಫ್ತರ. ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆದವರೆಲ್ಲರೂ ದಾರಿಯ ಕಥೆಯನ್ನು, ಅಂದರೆ ದೇವಿಮನೆ ಘಟ್ಟದ, ಅರಬೈಲು ಘಟ್ಟದ, ಬಾರದೆ ಉಳಿದ ರೈಲಿನ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಾರೆ. ದಫ್ತರದ ಕಥೆಯನ್ನು ಹೇಳಿದವರು ವಿರಳ. ಆದರೆ ಟಪಾಲು ತಪ್ಪಿದ ಪ್ರಸಂಗಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ಹಿಂದಿನ ಓಟಗಾರನ ಕಾಲದಲ್ಲಿಯೂ ಇಂದಿನ ಇ-ಮೇಲಿನ ಕಾಲದಲ್ಲಿಯೂ, ದೋಷವು ದಾರಿಯಲ್ಲಿ ಸಿಕ್ಕುವುದಕ್ಕಿಂತ ದಫ್ತರದಲ್ಲಿ ಸಿಕ್ಕುವುದೇ ಹೆಚ್ಚೆಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ವಾದಿಯ, ಅಂದರೆ ಸೋಂದೆಯ, ಅರಸರು ಆಳುತ್ತಿದ್ದ ಕಾಲದಲ್ಲಿ ಕಾಗದವೆಂಬುದು ಜನಸಾಮಾನ್ಯರ ವಸ್ತುವಾಗಿರಲಿಲ್ಲ. ಅರಸನ ನಿರೂಪವು ಮುದ್ರೆಯೊಡನೆ ಮಠಕ್ಕೋ ಸೀಮೆಯ ಅಧಿಕಾರಿಗೋ ಹೋಗುತ್ತಿತ್ತು. ಒಯ್ಯುವವನು ಆಳು, ದಾರಿ ಕಾಲುದಾರಿ, ನಂಬಿಕೆ ಮುದ್ರೆಯ ಮೇಲೆ. ಹೈದರನು ಸೋಂದೆಯನ್ನು ವಶಪಡಿಸಿಕೊಂಡ ತರುವಾಯ ಶ್ರೀರಂಗಪಟ್ಟಣದ ಆಳಿಕೆಯೂ, 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕಂಪನಿಯ ಆಳಿಕೆಯೂ ಈ ಬೆಟ್ಟಗಳ ಮೇಲೆ ಬಂದವು. ಎರಡೇ ವರ್ಷಗಳಲ್ಲಿ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಯಲ್ಲಾಪುರ, ಸೋಂದೆ, ಸಿರ್ಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿ, ಮೆಣಸಿನ ಬಳ್ಳಿಯನ್ನೂ ಅಡಿಕೆ ತೋಟವನ್ನೂ ಕಂಡು ಬರೆದಿಟ್ಟನು. ಆ ಪ್ರವಾಸಕಥನವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಸಾಮಾನ್ಯ ರೈತನ ಮನೆಗೂ ಕಾಗದ ಬರುವ ದಿನ ಬಂದುದು 1854ರ ಅನಂತರ. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ, ಆ ವರ್ಷದ ಅಂಚೆ ಕಾನೂನು ದೂರಕ್ಕೆ ತಕ್ಕಂತೆ ಹಣ ಕೇಳುವ ಪದ್ಧತಿಯನ್ನು ತೆಗೆದುಹಾಕಿ, ಕಾಲು ತೊಲೆ ತೂಕದ ಕಾಗದವು ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ ಎಂದು ಗೊತ್ತುಮಾಡಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಅಡಿಕೆಯ ಧಾರಣೆ, ಮಗಳ ಬಾಣಂತನ, ಶ್ರಾದ್ಧದ ತಿಥಿ, ಕೋರ್ಟಿನ ತಾರೀಕು ಇವೆಲ್ಲವೂ ಆ ಕಾಲಾಣೆಯ ಕಾರ್ಡಿನ ಮೇಲೆ ಘಟ್ಟ ಹತ್ತಿದವು. ಗೆಜ್ಜೆ ಕಟ್ಟಿದ ಈಟಿಯನ್ನು ಹಿಡಿದ ಓಟಗಾರನು ಚೀಲವನ್ನು ಹೆಗಲಿಗೇರಿಸಿ ಹುಲಿ ತಿರುಗುವ ಕಾಡಿನಲ್ಲಿ ಒಂದು ಠಾಣೆಯಿಂದ ಮತ್ತೊಂದು ಠಾಣೆಗೆ ಓಡುತ್ತಿದ್ದನು. ವರ್ಷಕ್ಕೆ ಸುಮಾರು 100 ಅಂಗುಲ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢದ ಹಳ್ಳವು ಅವನನ್ನು ತಡೆಯುತ್ತಿದ್ದುದೂ, ನೀರಿಳಿದೊಡನೆ ಅವನು ದಾಟಿ ಮುಂದುವರಿಯುತ್ತಿದ್ದುದೂ ಸಹಜವೇ. ತಡವಾದರೂ ಕಾಗದವು ನಾಶವಾಗುತ್ತಿರಲಿಲ್ಲ.

ಇದಕ್ಕಿಂತಲೂ ನನಗೆ ವಿಸ್ಮಯಕರವಾಗಿ ತೋರುವ ಸಂಗತಿಯೆಂದರೆ ಆ ವ್ಯವಸ್ಥೆಯಲ್ಲಿ ಎಲ್ಲವನ್ನೂ ಬಲ್ಲವನು ಒಬ್ಬನೂ ಇರಲಿಲ್ಲವೆಂಬುದು. ಮುಂಬಯಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗುಮಾಸ್ತನಿಗೆ ಕಾನಡಾ ಜಿಲ್ಲೆಯ ಚೀಲ ಯಾವುದೆಂಬುದಷ್ಟೇ ಗೊತ್ತಿದ್ದರೆ ಸಾಕು. ಜಿಲ್ಲೆಯವನಿಗೆ ಸಿರ್ಸಿಯ ಚೀಲ ಯಾವುದೆಂದು ಗೊತ್ತಿದ್ದರೆ ಸಾಕು. ಸಿರ್ಸಿಯವನಿಗೆ ಯಾವ ಹಳ್ಳಿ ಯಾವ ಬ್ರಾಂಚ್ ಪೋಸ್ಟಿಗೆ ಸೇರಿದುದೆಂಬುದು ತಿಳಿದಿರಬೇಕು. ಕಟ್ಟಕಡೆಗೆ, ತನ್ನ ಮನೆಯ ಜಗಲಿಯ ಮೂಲೆಯಲ್ಲಿ ಒಂದು ಮೇಜು, ಒಂದು ತಕ್ಕಡಿ, ಒಂದು ಮೊಹರು ಇಟ್ಟುಕೊಂಡು ಬ್ರಾಂಚ್ ಪೋಸ್ಟ್ ನಡೆಸುತ್ತಿದ್ದ ಶಾಲೆಯ ಮಾಸ್ತರರಿಗೋ ಕೃಷಿಕರಿಗೋ ಮಾತ್ರ, ರಾಮಚಂದ್ರ ಹೆಗಡೆಯವರ ಮಗ ಗಣಪತಿ ಹೆಗಡೆಯೆಂದರೆ ಕೆಳಗಿನಮನೆಯವರೇ ಹೊರತು ಹೊಸಮನೆಯವರಲ್ಲವೆಂಬ ಜ್ಞಾನ. ಮೇಲಿನವನು ಕೆಳಗಿನವನ ಅಧಿಕಾರವನ್ನು ನಂಬಿ ಒಪ್ಪಿಸಿಬಿಡುವ ಈ ಕ್ರಮದಿಂದಾಗಿ, ಮೇಲಿನ ಹೆಸರುಗಳು ಎಷ್ಟು ಸಲ ಬದಲಾದರೂ ಕೆಳಗಿನ ಮನೆಗೆ ಕಾಗದ ತಪ್ಪಲಿಲ್ಲ. 1862ರಲ್ಲಿ ಜಿಲ್ಲೆಯು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 1977ರಲ್ಲಿ ಉತ್ತರ ಕಾನಡಾ ಎಂಬುದು ಉತ್ತರ ಕನ್ನಡವಾಯಿತು. ಲಕೋಟೆಯ ಕೆಳಗಿನ ಸಾಲು ಇಷ್ಟು ಸಲ ತಿದ್ದಲ್ಪಟ್ಟರೂ ಮೇಲಿನ ಸಾಲಿನ ಕೆಳಗಿನಮನೆ ಹಾಗೆಯೇ ಉಳಿಯಿತು. ಸಿದ್ದಾಪುರದ ಗಡಿಯಾಚೆಗಿನ ಸಾಗರ, ಸೊರಬಗಳು 1889ರವರೆಗೆ ಮೈಸೂರು ಸಂಸ್ಥಾನದ ಸ್ವಂತ ಅಂಚೆಯ ಆಡಳಿತಕ್ಕೆ ಒಳಪಟ್ಟಿದ್ದವು. ಆ ವರ್ಷ ಅದು ಬ್ರಿಟಿಷ್ ಅಂಚೆಯಲ್ಲಿ ಲೀನವಾಗುವ ತನಕ ಕಾನಿನ ಆಚೆಯ ನೆಂಟನಿಗೆ ಬರೆದ ಕಾಗದವು ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ದಾಟಬೇಕಾಗಿತ್ತು. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರರ ಯೋಜನೆಯಂತೆ ಪಿನ್‌ಕೋಡು ಬಂದು, ಸಿರ್ಸಿಗೆ 581401, ಸಿದ್ದಾಪುರಕ್ಕೆ 581355, ಯಲ್ಲಾಪುರಕ್ಕೆ 581359 ಎಂಬ ಸಂಖ್ಯೆಗಳು ದೊರೆತವು. ಒಂದೇ ಹೆಸರಿನ ಹಲವು ಊರುಗಳ ತೊಡಕನ್ನು ಬಿಡಿಸುವುದೇ ಆ ಸಂಖ್ಯೆಯ ಮುಖ್ಯ ಪ್ರಯೋಜನ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಡಲಾಚೆಗೆ ನೋಡಬೇಕು. ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಜಾಲವಿದ್ದ ಕಾಲದಲ್ಲಿ, 1971ರಲ್ಲಿ ರೇ ಟಾಮ್ಲಿನ್ಸನ್ ಎಂಬವರು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಕಾಗದ ಕಳುಹಿಸಿ, ಮನುಷ್ಯನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇಂದು ನಾವೆಲ್ಲ ಬಲ್ಲ ಆ ಸುರುಳಿಯ ಚಿಹ್ನೆಯನ್ನು ಇಟ್ಟರು. ಆಗ ಎಲ್ಲ ಯಂತ್ರಗಳ ಹೆಸರುಗಳನ್ನೂ ಸಂಖ್ಯೆಗಳನ್ನೂ ಒಂದೇ ಒಂದು ಪಟ್ಟಿಯಲ್ಲಿ ಬರೆದು, ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾಲಯದಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡವು ಅದನ್ನು ಕಾಪಾಡುತ್ತಿತ್ತು. ಹೊಸ ಯಂತ್ರ ಬಂದರೆ ಅಲ್ಲಿಗೆ ತಿಳಿಸಬೇಕು, ಅವರು ಪಟ್ಟಿಯಲ್ಲಿ ಸೇರಿಸಬೇಕು, ಉಳಿದವರೆಲ್ಲರೂ ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ಕೆಲವು ನೂರಾದಾಗಲೇ ಈ ಕ್ರಮ ಏದುಸಿರು ಬಿಡತೊಡಗಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ರಚಿಸಿದ ಹೊಸ ವ್ಯವಸ್ಥೆಯೇ ಡಿಎನ್‌ಎಸ್. ಅದರ ತಿರುಳು ಘಟ್ಟದ ಮೇಲಿನ ಟಪಾಲಿನವರಿಗೆ ಒಂದು ಶತಮಾನದಿಂದ ಗೊತ್ತಿದ್ದ ತಿರುಳೇ: ಯಾರೊಬ್ಬನೂ ಎಲ್ಲವನ್ನೂ ಬಲ್ಲವನಾಗಿರಬೇಕಿಲ್ಲ, ಬೇರಿನಲ್ಲಿರುವವನು ಇನ್ ಎಂಬ ಭಾರತದ ಕೊಂಬೆ ಯಾರ ವಶದಲ್ಲಿದೆಯೆಂಬುದನ್ನು ಮಾತ್ರ ಹೇಳಲಿ, ಅವರು ಆ ಕೊಂಬೆಯ ಕೆಳಗಿನ ಸಂಸ್ಥೆಯ ದಫ್ತರ ಯಾರಲ್ಲಿದೆಯೆಂಬುದನ್ನು ಹೇಳಲಿ, ಆ ಸಂಸ್ಥೆಯ ದಫ್ತರವು ಕೊನೆಯ ಮನೆಯನ್ನು ತೋರಿಸಲಿ. 1986ರಲ್ಲಿ ಕ್ರೇಗ್ ಪಾರ್ಟ್ರಿಜ್ ಎಂಬವರು ಬರೆದ ನಿಯಮದಿಂದ ಎಂಎಕ್ಸ್ ಎಂಬ ದಾಖಲೆಗೆ ಸ್ಪಷ್ಟವಾದ ರೂಪ ಬಂದಿತು. ಈ ಹೆಸರಿನವರ ಟಪಾಲನ್ನು ಯಾವ ಯಂತ್ರವು ತೆಗೆದುಕೊಳ್ಳುವುದು, ಅದು ಸಿಕ್ಕದಿದ್ದರೆ ಎರಡನೆಯದು ಯಾವುದು ಎಂಬುದನ್ನು ಆ ದಾಖಲೆ ಸಾರುತ್ತದೆ. ಚಿಕ್ಕ ಅಂಕೆಯುಳ್ಳದ್ದಕ್ಕೆ ಮೊದಲ ಮಣೆ. ಜಾಲಕ್ಕೆ ನೇರವಾಗಿ ಸೇರದಿದ್ದ ದೂರದ ಯಂತ್ರಗಳ ಪರವಾಗಿ ಹತ್ತಿರದ ಇನ್ನೊಂದು ಯಂತ್ರವು ಕಾಗದ ತೆಗೆದಿಟ್ಟು ಮುಂದೆ ಮುಟ್ಟಿಸುವ ಏರ್ಪಾಟಿಗೆ ಇದರಿಂದ ಆಧಾರ ದೊರೆಯಿತು. ಬ್ರಾಂಚ್ ಪೋಸ್ಟಿನ ಜಗಲಿಯನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ಭಾರತದಲ್ಲಿ 1986ರಲ್ಲಿ ಅರ್ನೆಟ್ ಎಂಬ ಶಿಕ್ಷಣ ಸಂಸ್ಥೆಗಳ ಜಾಲ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಐದು ಐಐಟಿಗಳೂ ಮುಂಬಯಿಯ ಎನ್‌ಸಿಎಸ್‌ಟಿಯೂ ಅದರ ಮೊದಲ ಪಾಲುದಾರರು. 1989ರಲ್ಲಿ ಇನ್ ಎಂಬ ಕೊಂಬೆ ನಮ್ಮ ದೇಶದ ಹೆಸರಿಗೆ ನೋಂದಾಯಿತವಾಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆಯು ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆದಿಟ್ಟಿತು. 2005ರ ಆದಿಯಲ್ಲಿ ಇನ್ ಕೊಂಬೆಯ ಹೆಸರುಗಳು ಯಾರು ಬೇಕಾದರೂ ಸುಲಭವಾಗಿ ಪಡೆಯುವಂತೆ ಸಡಿಲಗೊಂಡವು. ಫೋನಿನ ತಂತಿಯ ಮೇಲೆ ಕಿರುಚುತ್ತ ಜಾಲಕ್ಕೆ ಸೇರುವ ಮೋಡೆಮ್ಮುಗಳು ಸಿರ್ಸಿಯ ಪೇಟೆಗೆ ಬಂದವು. ಅಡಿಕೆ ಮಾರಾಟದ ಸಂಘಗಳು, ಜೇನು ಮತ್ತು ವಾಟೆಹುಳಿ, ಕೋಕಮ್ಮಿನ ಸಣ್ಣ ಉದ್ಯಮಗಳು, ಹೋಮ್‌ಸ್ಟೇಗಳು, ಶಾಲೆಗಳು ತಮ್ಮ ತಮ್ಮ ಹೆಸರಿನ ಡೊಮೇನುಗಳನ್ನು ಕೊಂಡವು. 1923ರಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸೇಲ್ ಸೊಸೈಟಿಯಂಥ ಹಳೆಯ ಸಹಕಾರಿ ಸಂಸ್ಥೆಯುಳ್ಳ ಪೇಟೆಯಲ್ಲಿ ದೂರದ ವ್ಯಾಪಾರಿಗಳೊಡನೆ ಪತ್ರವ್ಯವಹಾರವೆಂಬುದು ಹೊಸ ಅಭ್ಯಾಸವೇನೂ ಅಲ್ಲ. ವಾಹನ ಮಾತ್ರ ಹೊಸದು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆ ಮುಗಿದಾಗ, ಧಾರಣೆಯ ತಾರನ್ನು ಕಾದು ಕುಳಿತ ಒಂದು ಪೀಳಿಗೆಯ ನೆನಪೂ ಅದರೊಡನೆ ಮುಗಿಯಿತು.

ಈಗ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ. ಸಿರ್ಸಿ ಪೇಟೆಯ ಒಂದು ಸಣ್ಣ ಕಚೇರಿಯು ತನ್ನ ಮೇಲ್ ಸರ್ವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸಿಕೊಂಡ ಮೇಲೆ ಅಲ್ಲಿ ವಿಚಿತ್ರವಾದ ತೊಂದರೆ ಶುರುವಾಯಿತು. ಕೆಲವರ ಮೇಲ್ ಆ ಗಳಿಗೆಯಲ್ಲಿಯೇ ಬರುವುದು. ಕೆಲವರದು ಎರಡು ಮೂರು ದಿನ ಕಳೆದು ಬರುವುದು. ಕೆಲವರದು ಬಾರದೆ, ಕಳುಹಿಸಿದವರಿಗೇ ಮರಳುವುದು. ಇವರು ಕಳುಹಿಸಿದವುಗಳಲ್ಲಿ ಹೆಚ್ಚಿನವು ವ್ಯಾಪಾರಿಗಳ ಸ್ಪ್ಯಾಮ್ ಡಬ್ಬಿಗೆ ಬೀಳುವುವು. ಮಳೆಗಾಲವಾದುದರಿಂದ ಎಲ್ಲರೂ ಲೈನನ್ನು ದೂರಿದರು. ಕರೆಂಟು ಹೋಗಿ ಬರುವ, ಕೇಬಲ್ಲಿನ ಮೇಲೆ ಮರ ಬೀಳುವ ಸೀಮೆಯಲ್ಲಿ ಲೈನನ್ನು ದೂರುವುದು ಸಹಜ. ಆದರೆ ಲೈನ್ ಕೆಟ್ಟಿದ್ದರೆ ಎಲ್ಲರ ಮೇಲ್ ಕೂಡ ಒಟ್ಟಿಗೆ ನಿಲ್ಲಬೇಕು, ಒಬ್ಬರದು ಬಂದು ಒಬ್ಬರದು ನಿಲ್ಲಲಾರದು. ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು ಎಂಬಂತೆ ತೊಂದರೆ ತೋರಿದಾಗ ದಫ್ತರದಲ್ಲಿ ಎರಡು ಉತ್ತರಗಳಿವೆಯೆಂದು ಊಹಿಸಬೇಕು.

ಡಿಗ್ ಎಂಬ ಪುಟ್ಟ ಉಪಕರಣದಿಂದ, ಇನ್ ಕೊಂಬೆಯನ್ನು ನೋಡಿಕೊಳ್ಳುವವರನ್ನೇ ಮೊದಲು ಕೇಳಲಾಯಿತು: ಈ ಹೆಸರಿನ ದಫ್ತರ ಯಾರಲ್ಲಿದೆ? ಎರಡು ನೇಮ್ ಸರ್ವರುಗಳ ಹೆಸರು ಬಂದವು. ಒಂದು ಹೊಸ ಜಾಗದ್ದು, ಇನ್ನೊಂದು ಬಿಟ್ಟುಬಂದ ಹಳೆಯ ಜಾಗದ್ದು. ಎರಡನ್ನೂ ಪ್ರತ್ಯೇಕವಾಗಿ ಎಂಎಕ್ಸ್ ಕೇಳಿದರೆ ಹೊಸದು ಹೊಸ ಸರ್ವರನ್ನು ತೋರಿಸಿತು, ಹಳೆಯದು ಎಂದೋ ಮುಚ್ಚಿದ ಸರ್ವರನ್ನು ತೋರಿಸಿತು. ಲೋಕದಲ್ಲಿ ಮೇಲ್ ಕಳುಹಿಸುವವರ ಯಂತ್ರಗಳು ಎರಡರಲ್ಲಿ ಯಾವುದನ್ನಾದರೂ ಕೇಳಬಹುದು; ಹೊಸದನ್ನು ಕೇಳಿದವರ ಕಾಗದ ಮುಟ್ಟಿತು, ಹಳೆಯದನ್ನು ಕೇಳಿದವರ ಕಾಗದ ಮುಚ್ಚಿದ ಬಾಗಿಲ ಮುಂದೆ ಕಾಯುತ್ತ ನಿಂತಿತು, ಕಾಯುವ ಅವಧಿಯಲ್ಲಿ ಮತ್ತೊಮ್ಮೆ ಕೇಳಿ ಹೊಸದರ ಉತ್ತರ ಪಡೆದವು ತಡವಾಗಿ ಬಂದವು. ಎಷ್ಟೋ ಹೊತ್ತು ಕುಳಿತು ಹೊಸ ಜಾಗದ ದಾಖಲೆಗಳನ್ನೇ ತಿದ್ದಿ ತಿದ್ದಿ ಬೇಸತ್ತಿದ್ದ ಅಲ್ಲಿಯ ಹುಡುಗನಿಗೆ ಇದು ಕಂಡಿರಲಿಲ್ಲ. ಏಕೆಂದರೆ ಅವನು ನೋಡುತ್ತಿದ್ದುದು ಮನೆಯ ದಫ್ತರವನ್ನು, ತಪ್ಪಿದ್ದುದು ಮೇಲಿನ ಮೆಟ್ಟಿಲಿನ ದಫ್ತರದಲ್ಲಿ. ಟಪಾಲು ತಪ್ಪಿದಾಗ ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ಒಂದೊಂದಾಗಿ ಕೇಳುತ್ತ ಬರಬೇಕೆಂಬುದು ಈ ಕೆಲಸದ ಮೊದಲ ಪಾಠ.

ಎರಡನೆಯ ದೋಷವು ಒಂದು ಬಿಂದುವಿನಷ್ಟಿತ್ತು, ಅಕ್ಷರಶಃ ಬಿಂದುವೇ. ಮೊದಲನೆಯ ಸರ್ವರ್ ಸಿಕ್ಕದಿದ್ದಾಗ ನೆರವಾಗಲೆಂದು ಎರಡನೆಯ ಎಂಎಕ್ಸ್ ಸಾಲೊಂದನ್ನು ಬರೆಯಲಾಗಿತ್ತು. ದಫ್ತರದ ಮೂಲಕಡತದಲ್ಲಿ ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕೆ ಇಡಬೇಕು. ಅದಿಲ್ಲವಾದರೆ, ಬರೆದವನು ಅರ್ಧ ಹೆಸರನ್ನಷ್ಟೇ ಹೇಳಿದ್ದಾನೆಂದು ತಿಳಿದು ಯಂತ್ರವು ಸಂಸ್ಥೆಯ ಹೆಸರನ್ನು ತಾನಾಗಿ ಕೊನೆಗೆ ಸೇರಿಸಿಬಿಡುತ್ತದೆ. ಸಂಸ್ಥೆಯ ಹೆಸರು ತೋಟ.ಇನ್ ಎಂದಿಟ್ಟುಕೊಳ್ಳೋಣ. ಚುಕ್ಕೆ ಬಿಟ್ಟು ಮೇಲ್.ತೋಟ.ಇನ್ ಎಂದು ಬರೆದರೆ ಅದು ಮೇಲ್.ತೋಟ.ಇನ್.ತೋಟ.ಇನ್ ಎಂದಾಗುತ್ತದೆ, ಅಂಥ ಮನೆ ಲೋಕದಲ್ಲೆಲ್ಲೂ ಇಲ್ಲ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೊರಗಿನಿಂದ ಕೇಳಿದಾಗ ಮಾತ್ರ ಜೋಡಿಹೆಸರು ಹೊರಬೀಳುತ್ತದೆ. ಎಂಎಕ್ಸ್ ಸಾಲಿನಲ್ಲಿ ಬರೆಯುವ ಹೆಸರು ಇನ್ನೊಂದು ಹೆಸರಿನ ಅಡ್ಡಹೆಸರಾಗಿರಬಾರದು, ನೇರವಾಗಿ ಸಂಖ್ಯೆಗೆ ಒಯ್ಯುವ ಹೆಸರಾಗಿರಬೇಕು ಎಂಬ ನಿಯಮವೂ ಉಂಟು. ಅದನ್ನು ಮೀರಿದರೆ ಕೆಲವರು ಮನ್ನಿಸುತ್ತಾರೆ, ಕೆಲವರು ಮನ್ನಿಸುವುದಿಲ್ಲ, ಹೀಗಾಗಿ ಆ ತಪ್ಪು ಬಹುಕಾಲ ಅಡಗಿ ಕುಳಿತಿರುತ್ತದೆ.

ದೋಷವನ್ನು ತಿದ್ದಿದ ಗಳಿಗೆಯಲ್ಲಿಯೇ ಲೋಕವೆಲ್ಲ ಸರಿಯಾಗುವುದಿಲ್ಲ. ಒಮ್ಮೆ ಕೇಳಿ ತಿಳಿದ ಉತ್ತರವನ್ನು ಇಷ್ಟು ಹೊತ್ತು ನೆನಪಿನಲ್ಲಿಟ್ಟುಕೊಳ್ಳಬಹುದೆಂದು ಪ್ರತಿಯೊಂದು ದಾಖಲೆಯೂ ಒಂದು ಅವಧಿಯನ್ನು ಗೊತ್ತುಮಾಡಿರುತ್ತದೆ. ಟಿಟಿಎಲ್ ಎಂಬ ಆ ಅಂಕೆ 86400 ಎಂದಿದ್ದರೆ ಅಷ್ಟು ಸೆಕೆಂಡುಗಳು, ಅಂದರೆ ಒಂದು ಇಡೀ ದಿನ, ಹಳೆಯ ಉತ್ತರವೇ ಲೋಕದಲ್ಲಿ ಚಲಾವಣೆಯಲ್ಲಿರುತ್ತದೆ. ಸರ್ವರ್ ಬದಲಾಯಿಸುವವರು ಅದಕ್ಕೆ ಎರಡು ದಿನ ಮುಂಚೆಯೇ ಈ ಅಂಕೆಯನ್ನು 300ಕ್ಕೆ ಇಳಿಸಿಡುವುದು ವಿವೇಕ. ತಿದ್ದಿ ಐದು ನಿಮಿಷವೂ ಕಾಯದೆ, ಸರಿಯಾಗಲಿಲ್ಲವೆಂದು ಮತ್ತೆ ಇನ್ನೊಂದನ್ನು ತಿದ್ದುವವರು ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ.

ಕಳುಹಿಸಿದ ಮೇಲ್ ಸ್ಪ್ಯಾಮಿಗೆ ಬೀಳುತ್ತಿದ್ದುದರ ಕಾರಣ ಬೇರೆಯದಾಗಿತ್ತು, ಅದಕ್ಕೊಂದು ದೀರ್ಘವಾದ ಹಿನ್ನೆಲೆಯೂ ಇದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮವು ಪರಸ್ಪರ ಪರಿಚಿತರಾದ ವಿದ್ವಾಂಸರ ಸಣ್ಣ ಲೋಕಕ್ಕಾಗಿ ರಚಿತವಾದುದು. ಕಾಗದದ ಮೇಲೆ ಕಳುಹಿಸಿದವರ ಹೆಸರನ್ನು ಯಾರು ಏನೆಂದು ಬರೆದರೂ ಅದು ನಂಬುತ್ತಿತ್ತು. ಲೋಕ ದೊಡ್ಡದಾಯಿತು, ವಂಚಕರು ಬಂದರು. ಹಿಂದಿನ ಅರಸರ ನಿರೂಪದ ಮುದ್ರೆಯ ಅಗತ್ಯ ಮತ್ತೆ ಕಂಡುಬಂದುದು ಆಗ. ಈ ಸಂಸ್ಥೆಯ ಹೆಸರಿನಲ್ಲಿ ಕಾಗದ ಕಳುಹಿಸಲು ಯಾವ ಯಂತ್ರಗಳಿಗೆ ಅಪ್ಪಣೆಯಿದೆ ಎಂದು ಸಾರುವ ಎಸ್‌ಪಿಎಫ್ ದಾಖಲೆಯ ನಿಯಮ 2006ರಲ್ಲಿಯೂ, ಕಾಗದದ ಮೇಲೆ ಗಣಿತದ ಮುದ್ರೆಯೊತ್ತಿ ಅದನ್ನು ಪರೀಕ್ಷಿಸುವ ಕೀಲಿಯನ್ನು ದಫ್ತರದಲ್ಲಿ ಬಹಿರಂಗವಾಗಿ ಇಡುವ ಡಿಕಿಮ್ ನಿಯಮ 2007ರಲ್ಲಿಯೂ, ಇವೆರಡೂ ತಪ್ಪಿದ ಕಾಗದವನ್ನು ಏನು ಮಾಡಬೇಕೆಂದು ಹೆಸರಿನ ಒಡೆಯನೇ ಹೇಳುವ ಡಿಮಾರ್ಕ್ ನಿಯಮ 2015ರಲ್ಲಿಯೂ ಪ್ರಕಟವಾದವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಇವುಗಳಿಲ್ಲದ ದೊಡ್ಡ ಪ್ರಮಾಣದ ಟಪಾಲನ್ನು ತಡೆಯತೊಡಗಿದವು. ನಾವು ನೋಡಿದ ಆ ಕಚೇರಿಯಲ್ಲಿ ಹಳೆಯ ಸರ್ವರಿಗೊಂದು, ಹೊಸದಕ್ಕೊಂದು ಎಂದು ಎರಡು ಎಸ್‌ಪಿಎಫ್ ಸಾಲುಗಳಿದ್ದವು. ಎರಡಿದ್ದರೆ ಎರಡೂ ಅಸಿಂಧು. ಎಲ್ಲ ಅಪ್ಪಣೆಗಳನ್ನೂ ಒಂದೇ ಸಾಲಿನಲ್ಲಿ ಹೇಳಬೇಕು, ಆ ಸಾಲನ್ನು ಬಿಡಿಸುವಾಗ ಹತ್ತಕ್ಕಿಂತ ಹೆಚ್ಚು ಸಲ ಬೇರೆ ದಫ್ತರಗಳನ್ನು ಕೇಳುವ ಪ್ರಸಂಗ ಬರಬಾರದು. ಡಿಕಿಮ್ ಕೀಲಿಯನ್ನು ಅರ್ಧಕ್ಕೆ ಕತ್ತರಿಸಿ ಅಂಟಿಸಲಾಗಿತ್ತು, ಏಕೆಂದರೆ ದಫ್ತರದ ಒಂದು ತುಂಡಿನಲ್ಲಿ 255 ಅಕ್ಷರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. 2048 ಬಿಟ್ಟಿನ ಕೀಲಿ ಅದನ್ನು ಮೀರುವುದರಿಂದ ಎರಡು ತುಂಡುಗಳಾಗಿ ಬರೆಯಬೇಕು. ಇನ್ನೊಂದು ಕೊರತೆ ಅವರ ಕೈಯಲ್ಲಿರಲೇ ಇಲ್ಲ: ಸಂಖ್ಯೆಯಿಂದ ಹೆಸರನ್ನು ಕೇಳಿದಾಗ ಉತ್ತರ ಕೊಡುವ ಪಿಟಿಆರ್ ದಾಖಲೆಯನ್ನು ಬರೆಯುವ ಅಧಿಕಾರ ಸಂಖ್ಯೆಯನ್ನು ಕೊಟ್ಟವರದು, ಹೆಸರನ್ನು ಕೊಂಡವರದಲ್ಲ. ಸರ್ವರಿನ ಜಾಗ ಕೊಟ್ಟವರಿಗೆ ಬರೆದು ಅದನ್ನು ಮಾಡಿಸಿದ ಮೇಲೆ ವ್ಯಾಪಾರಿಗಳಿಗೆ ದರಪಟ್ಟಿ ತಲುಪತೊಡಗಿತು.

ದಾರಿಯ ದೋಷಕ್ಕೂ ದಫ್ತರದ ದೋಷಕ್ಕೂ ಇರುವ ಅಂತರವನ್ನು ಜಾಲವನ್ನು ಕಟ್ಟಿದವರು ಚೆನ್ನಾಗಿ ಅರಿತಿದ್ದರು. 2021ರ ಜುಲೈ ತಿಂಗಳ ಮಹಾಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು, ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಗಿ, ಅರಬೈಲು ಘಟ್ಟದ ರಸ್ತೆ ಮುರಿದುದನ್ನು ಈ ಸೀಮೆಯವರು ಮರೆಯಲಾರರು. ದಾರಿ ಮುರಿದರೆ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಕಾಯುತ್ತಾರೆ. ಮೇಲ್ ಸರ್ವರುಗಳೂ ಹಾಗೆಯೇ: ಎದುರಿನ ಯಂತ್ರ ಸಿಕ್ಕದಿದ್ದರೆ, ಅಥವಾ ಅದು 4ರಿಂದ ಆರಂಭವಾಗುವ ಅಂಕೆಯ ಉತ್ತರ ಕೊಟ್ಟರೆ, ಕಾಗದವನ್ನು ಸರತಿಯಲ್ಲಿಟ್ಟುಕೊಂಡು ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಯತ್ನಿಸಬೇಕೆಂದು ನಿಯಮವೇ ಹೇಳುತ್ತದೆ; ಹೆಸರು ಹೇಳುವ ಸರ್ವರೇ ಮೌನವಾಗಿದ್ದರೂ ಕಾಯುತ್ತವೆ. ಆದರೆ ದಫ್ತರವು ಅಂಥ ಹೆಸರೇ ಇಲ್ಲವೆಂದು ಹೇಳಿದರೆ, ಅಥವಾ ಎದುರಿನವರು 550 ಎಂದು ನಿರಾಕರಿಸಿದರೆ, ಕಾಯುವ ಪ್ರಶ್ನೆಯೇ ಇಲ್ಲ. ಕಾಗದ ಅಲ್ಲಿಂದಲೇ ಮರಳುತ್ತದೆ. ಮರಳಿ ಬಂದ ಮೇಲ್‌ನಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆದಿರುತ್ತದೆ. ಅದು ಇಂಗ್ಲಿಷಿನಲ್ಲಿರುವುದರಿಂದಲೂ, ಅಂಕೆಗಳಿಂದ ತುಂಬಿರುವುದರಿಂದಲೂ, ಬಹಳ ಮಂದಿ ಓದದೆ ಅಳಿಸಿಹಾಕುತ್ತಾರೆ. ಹಿಂದಿನ ಬ್ರಾಂಚ್ ಪೋಸ್ಟಿನವರು ಮರಳಿದ ಲಕೋಟೆಯ ಮೇಲಿನ ಷರಾವನ್ನು ಓದದೆ ಬಿಡುತ್ತಿರಲಿಲ್ಲ. ಆ ಷರಾ ಓದುವ ಶ್ರದ್ಧೆಯನ್ನು ನಾವು ಕಳೆದುಕೊಂಡಿರುವುದು ನಿಜವಾದ ನಷ್ಟ.

ಇಂದು ಈ ಮೂರು ತಾಲೂಕುಗಳ ಎಷ್ಟೋ ಸಂಘಸಂಸ್ಥೆಗಳ ಡೊಮೇನುಗಳು ಸಂಸ್ಥೆಯ ಹೆಸರಿನಲ್ಲಿಲ್ಲ. ಎಂದೋ ವೆಬ್‌ಸೈಟ್ ಮಾಡಿಕೊಟ್ಟ ಯಾರದೋ ಸ್ವಂತ ಖಾತೆಯಲ್ಲಿವೆ. ಅವರು ಊರು ಬಿಟ್ಟರೆ ದಫ್ತರವೂ ಅವರೊಡನೆ ಹೋಗುತ್ತದೆ; ವರ್ಷದ ಶುಲ್ಕ ಕಟ್ಟಲು ನೆನಪಿಸುವ ಮೇಲ್ ಅವರಿಗೆ ಬರುತ್ತದೆ, ಕಟ್ಟದಿದ್ದರೆ ಸಂಸ್ಥೆಯ ಹೆಸರು ಅನ್ಯರ ಪಾಲಾಗಬಹುದು. ನಡವಳಿ ಪುಸ್ತಕವನ್ನೂ ಷೇರುದಾರರ ಪಟ್ಟಿಯನ್ನೂ ತಲೆಮಾರುಗಳಿಂದ ಕಬ್ಬಿಣದ ಕಪಾಟಿನಲ್ಲಿ ಜೋಪಾನ ಮಾಡಿಕೊಂಡು ಬಂದ ಸಹಕಾರಿ ಪರಂಪರೆಯ ನಾಡಿನಲ್ಲಿ ಇದು ಸಲ್ಲದು. ಡೊಮೇನಿನ ಖಾತೆಯನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಿರಿ. ಎಂಎಕ್ಸ್, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳ ಒಂದು ಪ್ರತಿಯನ್ನು ಅಚ್ಚುಮಾಡಿ ನಡವಳಿ ಪುಸ್ತಕದೊಡನೆ ಇಡಿರಿ. ನವೀಕರಣದ ತಾರೀಕನ್ನು ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಬರೆಯಿರಿ. ಪೋಸ್ಟ್‌ಮಾಸ್ಟರ್ ಎಂಬ ಹೆಸರಿನ ಪೆಟ್ಟಿಗೆಯನ್ನು ಪ್ರತಿಯೊಂದು ಮೇಲ್ ಡೊಮೇನಿನಲ್ಲಿಯೂ ತೆರೆದಿಡಬೇಕೆಂಬ ನಿಯಮವಿರುವುದರಿಂದ ಅದನ್ನು ತೆರೆದು, ವಾರಕ್ಕೊಮ್ಮೆಯಾದರೂ ಓದುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿರಿ.